ಎರಡು ಗಂಟೆ ಸಾಕು

ಆರತಕ್ಷತೆ ಎರಡು ಗಂಟೆ ದಾಟಬಾರದು ಅನ್ನುವುದು ಡಿಜೆ ಕಲ್ಲೇಶಿಯ ಕಡ್ಡಿ ತುಂಡು ಮಾಡಿದಂಥ ಮಾತು. ಕವರ್ ಕೊಟ್ಟು, ಫೋಟೋಗೆ ಹಲ್ಲು ಬಿಟ್ಟು, ಉಂಡು ಹೋಗುವುದಕ್ಕೆ ಅದಕ್ಕಿಂತ ಹೆಚ್ಚು ಹೊತ್ತು ಯಾಕೆ ಬೇಕು? ಅದಕ್ಕೇ ಬೀಡಿ ಸೇದಲು ಛತ್ರದ ಗೇಟಿಗೆ ಬಂದಾಗಲೆಲ್ಲ, ತಡವಾಗಿ ಬಂದವರನ್ನು "ಎಲ್ಲಾ ಮುಗೀತು, ಹಾಡು ಸುಮ್ನೆ ಓಡ್ತಾ ಐತೆ" ಎಂದು ಸಾಗಹಾಕುತ್ತಿದ್ದ. ಇವತ್ತೂ ಇಬ್ಬರಿಗೆ ಹಾಗೇ ಹೇಳಿದ್ದ. ಸ್ಕೂಟರಿನವನು ಬೈದು ಒಳಗೆ ನುಗ್ಗಿದ. ಮಗು ಎತ್ತಿಕೊಂಡು ಆಟೋ ಇಳಿದ ಹೆಂಗಸು ಮಾತ್ರ ಅದೇ ಆಟೋ ಹತ್ತಿ ಹೋದಳು.

ಎಂಟೂವರೆಗೆ ಕಲ್ಲೇಶಿ ವೈರು ಸುತ್ತತೊಡಗಿದಾಗ ಮದುಮಗಳ ತಾಯಿ ಓಡಿಬಂದರು.

"ನಿಲ್ಲಿಸ್ಬೇಡಪ್ಪ, ಇನ್ನೊಂದು ಗಂಟೆ ಹಾಕು."

"ಖಾಲಿ ಕುರ್ಚಿಗೆ ಹಾಡು ಹಾಕ್ಲೇನಮ್ಮ? ಜನ ಎಲ್ಲವ್ರೆ?"

"ನನ್ನ ದೊಡ್ಡ ಮಗಳು ಬರ್ಬೇಕು. ಇಷ್ಟಪಟ್ಟೋನ್ನ ಕಟ್ಕೊಂಡು ಹೋಗಿ ಆರು ವರ್ಷ ಆಯ್ತು. 'ಇವತ್ತೊಂದಿನ ಬರ್ಲಿ, ಬರ್ದಿದ್ರೆ ಇನ್ಯಾವತ್ತೂ ಅವಳ ಹೆಸರೆತ್ಬೇಡ' ಅಂದವ್ರೆ ಅವರಪ್ಪ."

"ಫೋನ್ ಮಾಡಿ ಕೇಳ್ರಮ್ಮ."

"ಸ್ವಿಚ್ ಆಫ್ ಬರ್ತೈತೆ. ಬಸ್ಸಿಳಿದು ಆಟೋ ಹತ್ತಿದೀನಿ ಅಂತ ಏಳೂವರೆಗೇ ಹೇಳಿದ್ಲು. ಮಗು ಬೇರೆ ಎತ್ಕೊಂಡು ಬರ್ತವ್ಳೆ. ಆ ಕೂಸಿನ ಮುಖ ನಾನಿನ್ನೂ ನೋಡಿಲ್ಲಪ್ಪ."

ಕಲ್ಲೇಶಿ ಸುತ್ತಿದ್ದ ವೈರನ್ನು ಒಂದೊಂದೇ ಸುತ್ತು ಬಿಚ್ಚಿದ.

"ನೀವು ಸಾಕು ಅನ್ನೋವರ್ಗೂ ಹಾಕ್ತೀನಿ, ಹೋಗ್ರಮ್ಮ."