ನೂರಾ ಹನ್ನೆರಡನೆಯ ಸ್ಲೈಡು

"ಎತೆಲ್ಕಮ್ಮ, ಇದೊಂದರಲ್ಲಿ ಮಾತ್ರ ನಮ್ಮಿಬ್ಬರಿಗೂ ತಾಳೆ ಆಗ್ತಿಲ್ಲ ನೋಡಿ," ಎನ್ನುತ್ತ ಡಾಕ್ಟರ್ ಬೊರೋಕಾ ಅಂಕಪಟ್ಟಿಯನ್ನು ಮೇಜಿನ ಮೇಲಿಟ್ಟಳು. "ನೂರಾ ಹನ್ನೆರಡು. ನಾನು ಒಂದು ಕೊಟ್ಟಿದೀನಿ, ನೀವು ಮೂರು. ಒಂದಕ್ಕೂ ಮೂರಕ್ಕೂ ಎಲ್ಲಿಂದೆಲ್ಲಿಗೆ?"

ಎತೆಲ್ಕಾ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡಳು. ಸೆಗೆಡ್ ನಗರದ ಆ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷದಿಂದ ಅವಳ ಕೆಲಸ ಇದೇ: ರೋಗಿಗಳ ಮೈಯಿಂದ ತೆಗೆದ ಗಡ್ಡೆಯನ್ನು ಕಾಗದಕ್ಕಿಂತ ತೆಳುವಾಗಿ ಕೊಯ್ದು ಗಾಜಿಗೆ ಹಚ್ಚುವುದು. ಈ ಸಲ ಇನ್ನೂರು ಗಂಟಲು ಕ್ಯಾನ್ಸರಿನ ಸ್ಲೈಡುಗಳು. ಜೀವಕೋಶದ ಹೊರಮೈಯಲ್ಲಿ ಕೂರುವ ಒಂದು ಪ್ರೋಟೀನು ಹೆಚ್ಚಿದ್ದವರಲ್ಲಿ ರೋಗ ಗಂಟಲಿನಿಂದ ಕುತ್ತಿಗೆಯ ಗ್ರಂಥಿಗಳಿಗೆ ಬೇಗ ಹರಡುತ್ತದೆಯೇ ಎಂಬುದು ಬೊರೋಕಾಳ ಸಂಶೋಧನೆ. ಬಣ್ಣ ಹಾಕಿದರೆ ಆ ಪ್ರೋಟೀನು ಇರುವ ಕಡೆ ಕಂದಾಗುತ್ತದೆ. ಸ್ವಲ್ಪವೂ ಇಲ್ಲದಿದ್ದರೆ ಸೊನ್ನೆ, ದಟ್ಟವಾಗಿದ್ದರೆ ಮೂರು. ಇಬ್ಬರೂ ಬೇರೆ ಬೇರೆಯಾಗಿ ನೋಡಿ ಅಂಕ ಕೊಡಬೇಕು.

ಸ್ಲೈಡಿನ ಮೇಲೆ ರೋಗಿಯ ಹೆಸರಿರುವುದಿಲ್ಲ. ಆದರೆ ಹಳೆಯ ಗುರುತು ತೆಗೆದು ಹೊಸ ಸಂಖ್ಯೆ ಅಂಟಿಸಿದವಳು ಎತೆಲ್ಕಾ. ನೂರಾ ಹನ್ನೆರಡು ಅವಳ ಗಂಡ ವೆಂಡೆಲ್.

ವೆಂಡೆಲ್ ರೈಲಿನಲ್ಲಿ ಟಿಕೆಟ್ ನೋಡುತ್ತಿದ್ದವನು. ಐದು ವರ್ಷದ ಹಿಂದೆ ವಸಂತದಲ್ಲಿ ಅವನ ದನಿ ಗೊಗ್ಗರಾಯಿತು. "ಸಿಗರೇಟು ಬಿಡು ಅಂದ್ರೆ ಕೇಳ್ತೀಯಾ?" ಎಂದು ಬೈದು, ಎತೆಲ್ಕಾ ದಿನಾ ಲಿಂಡನ್ ಹೂವಿನ ಕಷಾಯಕ್ಕೆ ಜೇನು ಬೆರೆಸಿ ಕುಡಿಸಿದಳು. ಐದು ತಿಂಗಳು ಕುಡಿಸಿದಳು. ಹಗಲೆಲ್ಲ ಊರವರ ಗಂಟಲು ನೋಡುತ್ತಿದ್ದವಳಿಗೆ ಮನೆಯ ಗಂಟಲಿನ ಮೇಲೆ ಅನುಮಾನ ಬರಲಿಲ್ಲ. ಶರತ್ಕಾಲ ಬರುವಷ್ಟರಲ್ಲಿ ಅವನ ಕುತ್ತಿಗೆಯಲ್ಲಿ ಅಕ್ರೋಟಿನಷ್ಟು ಗಂಟು. ಮರುವರ್ಷ ಅವನಿರಲಿಲ್ಲ.

"ಕಣ್ಣು ಸೋತಿರಬೇಕು. ಇನ್ನೊಂದ್ಸಲ ನೋಡಿ," ಎಂದಳು ಬೊರೋಕಾ.

"ಮೂರೇ ಇರ್ಲಿ ಬಿಡಿ ಡಾಕ್ಟ್ರೇ."

"ಇರ್ಲಿ ಬಿಡಿ ಅಂದ್ರೆ? ಪಾಪ ಅಂತ ಕೊಡೋಕೆ ಇದೇನು ಪರೀಕ್ಷೆ ಮಾರ್ಕಾ?"

ಎತೆಲ್ಕಾ ಸ್ಲೈಡನ್ನು ಕೈಗೆತ್ತಿಕೊಂಡಳು. "ಅಷ್ಟೊಂದು ಪ್ರೋಟೀನ್ ಇದ್ದಿದ್ರೆ, ಈ ಮನುಷ್ಯ ಐದು ತಿಂಗಳು ಮುಂಚೆ ಬಂದಿದ್ರೂ ಉಳೀತಿರ್ಲಿಲ್ಲ, ಅಲ್ವಾ?"

"ಹಂಗೆ ಹೇಳಕ್ಕಾಗಲ್ಲ. ಇನ್ನೂರು ಜನರನ್ನ ಒಟ್ಟಿಗೆ ನೋಡಿದ್ರೆ ಏನೋ ಒಂದಿಷ್ಟು ಗೊತ್ತಾಗಬಹುದು. ಒಬ್ಬನ ಹಣೆಬರಹ ಈ ಬಣ್ಣದಲ್ಲಿ ಕಾಣಲ್ಲ ಎತೆಲ್ಕಮ್ಮ. ಮೂರಿದ್ರೂ ಕಾಣಲ್ಲ, ಒಂದಿದ್ರೂ ಕಾಣಲ್ಲ."

ಎತೆಲ್ಕಾ ಸ್ಲೈಡನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ಬಗ್ಗಿದಳು. ಅಲ್ಲೊಂದು ಇಲ್ಲೊಂದು ಕೋಶದ ಅಂಚಿನಲ್ಲಿ ತೆಳು ಕಂದು, ಉಳಿದದ್ದೆಲ್ಲ ನೀಲಿ. ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವರೂ ಒಂದು ಎನ್ನುತ್ತಿದ್ದರು. ಬೆಳಿಗ್ಗೆ ನೋಡಿದಾಗಲೂ ಅವಳಿಗೆ ಕಂಡದ್ದು ಒಂದೇ. ಕೈ ಮಾತ್ರ ಮೂರು ಬರೆದಿತ್ತು.

ಅವಳು ಮೂರನ್ನು ಹೊಡೆದುಹಾಕಿ ಪಕ್ಕದಲ್ಲಿ ಒಂದು ಎಂದು ಬರೆದಳು. ತಿದ್ದಿದ್ದಕ್ಕೆ ಸಹಿ ಹಾಕಬೇಕೆಂಬ ನಿಯಮವಿತ್ತು. ಹಾಕಿದಳು. ಆ ಸಹಿಯನ್ನು ಬೊರೋಕಾ ನೋಡಿದಳು. ಎತೆಲ್ಕಾಳ ಗಂಡ ಗಂಟಲು ಕ್ಯಾನ್ಸರಿನಲ್ಲಿ ಹೋದದ್ದು ಅವಳಿಗೆ ಗೊತ್ತಿತ್ತು; ಐದು ತಿಂಗಳ ಮಾತು ಈಗ ಅರ್ಥವಾಯಿತು. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು.

"ಉಳಿದದ್ದು ನಾನು ನೋಡ್ಕೋತೀನಿ. ನೀವು ಮನೆಗೆ ಹೋಗಿ."

"ಮನೆಗೆ ಹೋಗಿ ಏನ್ ಮಾಡ್ಲಿ ತಾಯಿ?" ಎಂದಳು ಎತೆಲ್ಕಾ, ಸ್ಲೈಡಿನ ಅಂಚನ್ನು ಬಟ್ಟೆಯಿಂದ ಒರೆಸುತ್ತ. "ಇಲ್ಲಾದ್ರೆ ಅವನ ಗಂಟಲಾದ್ರೂ ಇದೆ."