ಬಿದ್ದ ಕೋನ್ ಎತ್ತಲು ಕಾರು ನಿಲ್ಲಿಸಿದ ಸುಗುಣಮ್ಮ

ಕಾಫಿ ಕುಡಿಯುತ್ತಾ ನಿಧಾನವಾಗಿ ಓದಿ... ಕಣ್ಣು ಒದ್ದೆಯಾದರೆ ನನ್ನನ್ನು ಬೈಯಬೇಡಿ!

ಕಳೆದ ಭಾನುವಾರ ಹಾಸನದ ಹೊರಗೆ ಒಂದು ಮೈದಾನದಲ್ಲಿ ಆಟೋಕ್ರಾಸ್ ಇತ್ತು. ಸ್ಟಾಪ್‌ವಾಚ್ ಹಿಡಿದು ಟೈಮ್ ನೋಡುವ ಕೆಲಸ ನನ್ನದು.

ಆಟೋಕ್ರಾಸ್ ಅಂದ ತಕ್ಷಣ ಗಾಬರಿ ಬೇಡ... ಮೈದಾನದಲ್ಲಿ ಕಿತ್ತಳೆ ಬಣ್ಣದ ಕೋನ್‌ಗಳನ್ನಿಟ್ಟು ಅಂಕುಡೊಂಕು ದಾರಿ ಮಾಡಿರುತ್ತಾರೆ. ಒಂದು ಸಲಕ್ಕೆ ಒಂದೇ ಕಾರು. ಮನೆಯ ಕಾರನ್ನೇ ತರಬಹುದು.

ಬೇಗ ಸುತ್ತಿ ಬಂದವರು ಗೆದ್ದಂತೆ. ಕೋನ್ ಬೀಳಿಸಿದರೆ ಎರಡು ಸೆಕೆಂಡ್ ದಂಡ, ಅಷ್ಟೇ.

ಹೊಸಬರ ಕ್ಲಾಸಿನಲ್ಲಿ ಎಲ್ಲರೂ ಕಾಲೇಜು ಹುಡುಗರು... ಅವರ ಮಧ್ಯೆ ನಲವತ್ತೈದು ದಾಟಿದ ಒಬ್ಬ ಹೆಂಗಸು! ಚೂಡಿದಾರ್, ಮುಡಿಯಲ್ಲಿ ಮಲ್ಲಿಗೆ, ಕೈಯಲ್ಲಿ ಯಾರದೋ ಹೆಲ್ಮೆಟ್.

ಹೆಸರು ಸುಗುಣ. ಬ್ಲೌಸ್ ಹೊಲಿಯುವ ಅಂಗಡಿ ಇಟ್ಟುಕೊಂಡವರು. ಹಗಲೂ ರಾತ್ರಿ ಮೆಷಿನ್ ತುಳಿದು ಕೊಂಡ ಬಿಳಿ ಕಾರು ಅವರದು.

ಜೊತೆಗೆ ಗಂಡ ಲೋಕೇಶ್. ಇನ್ನೊಬ್ಬರು ಪಕ್ಕದ ಮನೆಯ ಜವರಪ್ಪ ಮೇಷ್ಟ್ರು, ರಿಟೈರಾದ ಪಿ.ಟಿ. ಟೀಚರ್. ನಮ್ಮ ಮೈದಾನದಲ್ಲಿ ಬಿದ್ದ ಕೋನ್ ಎತ್ತಿಡಲು ಅವರು ಯಾವಾಗಲೂ ಖುಷಿಯಾಗಿ ಬರುತ್ತಾರೆ.

ಸುಗುಣಮ್ಮನ ಹೆಸರು ಬರೆಸಿದ್ದೂ ಮೇಷ್ಟ್ರೇ. ಕಾರು ಓಡಿಸಿಕೊಂಡು ಬಂದಿದ್ದೂ ಮೇಷ್ಟ್ರೇ!

"ಯಾಕಮ್ಮ, ನೀವೇ ಓಡಿಸ್ಕೊಂಡು ಬರಲಿಲ್ವಾ?" ಅಂತ ಕೇಳಿದೆ. ಅವರು ತಲೆ ತಗ್ಗಿಸಿದರು. ಉತ್ತರ ಕೊಟ್ಟಿದ್ದು ಲೋಕೇಶ್.

"ಐದು ವರ್ಷ ಆಯ್ತು ಸಾರ್, ಸ್ಟೇರಿಂಗ್ ಮುಟ್ಟಿಲ್ಲ. ರಿವರ್ಸ್ ತೆಗಿಯುವಾಗ ಒಬ್ರಿಗೆ ಗುದ್ದಿ ಅವರ ಕಾಲು ಮುರಿದೋಯ್ತು. ಅವತ್ತಿಂದ ಕೀ ಕೈಗೆ ಕೊಟ್ರೂ ವಾಪಸ್ ಇಟ್ಬಿಡ್ತಾಳೆ ಇವಳು. ನನಗಂತೂ ಓಡಿಸೋಕೇ ಬರಲ್ಲ."

"ಸುಮ್ನೆ ನಿಲ್ಲಿಸ್ಕೊಂಡು ಏನ್ ಮಾಡೋದು ಹೇಳಿ? ಇವತ್ತು ಓಡಿಸಿದ್ಲೋ ಸರಿ... ಇಲ್ಲಾಂದ್ರೆ ನಾಳೆ ಕಾರು ತಗೊಳ್ಳೋ ಪಾರ್ಟಿ ಬರ್ತಾನೆ, ಕೊಟ್ಬಿಡ್ತೀವಿ."

ಸುಗುಣಮ್ಮ ಕಾರಿನ ಬಾಗಿಲನ್ನು ಒಮ್ಮೆ ಸವರಿದರು.

ಓಡುವ ಮೊದಲು ಕಾರಿನೊಳಗೆ ಅಲುಗಾಡುವ ವಸ್ತು ಏನೂ ಇರಬಾರದು ಅನ್ನುವುದು ರೂಲ್ಸು. ಖಾಲಿ ಮಾಡಿದರು ನೋಡಿ... ಛತ್ರಿ, ನೀರಿನ ಕ್ಯಾನು, ಲೈನಿಂಗ್ ಬಟ್ಟೆಯ ಗಂಟು, ಯಾರದೋ ಮದುವೆಯ ತಾಂಬೂಲದ ಚೀಲ!

ಕೊನೆಗೆ ಉಳಿದದ್ದು ಡ್ಯಾಶ್‌ಬೋರ್ಡಿನ ಗಣಪ. "ಇವನನ್ನೂ ಇಳಿಸ್ಬೇಕಾ ಸಾರ್? ಹಂಗಾದ್ರೆ ನೀವೇ ಹಿಡ್ಕೊಳಿ, ನೆಲಕ್ಕೆ ಇಡಬೇಡಿ" ಅಂತ ನನ್ನ ಕೈಗೇ ಕೊಟ್ಟರು. ಒಂದು ಕೈಲಿ ಸ್ಟಾಪ್‌ವಾಚ್, ಇನ್ನೊಂದು ಕೈಲಿ ಗಣಪ... ನನ್ನ ಅವಸ್ಥೆ ಕೇಳಬೇಡಿ!

ಹೊಸಬರು ಮೊದಲು ನಡೆದೇ ದಾರಿ ನೋಡಿಕೊಳ್ಳಬೇಕು. ಮೇಷ್ಟ್ರು ಅವರನ್ನು ಕರೆದುಕೊಂಡು ಹೋಗಿ ಒಂದೊಂದು ತಿರುವನ್ನೂ ತೋರಿಸಿ ಬಂದರು.

ಬಾವುಟ ಬೀಸಿದರು... ಕಾರು ಹೊರಟಿತು.

ಮೊದಲ ತಿರುವಿನಲ್ಲಿ ಪೀಂ ಪೀಂ... ಎರಡನೆಯದರಲ್ಲೂ ಪೀಂ ಪೀಂ! ಎದುರಿಗೆ ನರಪಿಳ್ಳೆ ಇಲ್ಲ, ಆದರೂ ಪ್ರತಿ ತಿರುವಿಗೂ ಹಾರ್ನ್. ಇಂಡಿಕೇಟರ್ ಬೇರೆ! ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸುಳ್ಳು ಯಾಕೆ ಹೇಳಲಿ, ನಾನೂ ನಕ್ಕೆ.

ಮುಂದಿನ ತಿರುವಿನಲ್ಲಿ ಹಿಂದಿನ ಚಕ್ರ ತಾಗಿ ಒಂದು ಕೋನ್ ಉರುಳಿತು.

ಕಾರು ನಿಂತೇಬಿಟ್ಟಿತು.

ಸುಗುಣಮ್ಮ ಹೆಲ್ಮೆಟ್ ಹಾಕಿಕೊಂಡೇ ಇಳಿದರು. ಕೋನ್ ಎತ್ತಿ, ವೇಲ್‌ನಿಂದ ಅದರ ಧೂಳು ಒರೆಸಿದರು! ನಗು ಇನ್ನೂ ಜೋರಾಯಿತು... ಆದರೆ ಅವರು ವಾಪಸ್ ಕಾರು ಹತ್ತಲಿಲ್ಲ. ಕೋನನ್ನು ಎದೆಗೆ ಅವುಚಿಕೊಂಡು ಬಿಕ್ಕಿ ಬಿಕ್ಕಿ ಅಳತೊಡಗಿದರು.

"ನಾನು ಹೇಳ್ಲಿಲ್ವಾ... ಸಾಕು ಬಾರೇ" ಅಂತ ಲೋಕೇಶ್ ಕೂಗಿದರು.

ಮೇಷ್ಟ್ರು ಮೆಲ್ಲಗೆ ಹತ್ತಿರ ಹೋದರು. "ಯಾಕಮ್ಮ ನಿಲ್ಲಿಸ್ದೆ?"

"ಬೀಳಿಸ್ಬಿಟ್ಟು ಹಂಗೇ ಹೋಗೋಕಾಗುತ್ತಾ ಮೇಷ್ಟ್ರೇ? ಅವತ್ತು ನನ್ನ ಕಾರಿನ ಹಿಂದೆ ನೀವು ಬಿದ್ದಿದ್ದು ಇನ್ನೂ ಕಣ್ಣಿಗೆ ಕಟ್ಟಿದಂಗಿದೆ... ನನ್ನ ಕೈಲಾಗಲ್ಲ."

ಆಗ ನಮಗೆಲ್ಲ ಗೊತ್ತಾಯಿತು... ಐದು ವರ್ಷದ ಹಿಂದೆ ಕಾಲು ಮುರಿದುಕೊಂಡವರು ಈ ಜವರಪ್ಪ ಮೇಷ್ಟ್ರೇ!

"ಅಯ್ಯೋ ಹುಚ್ಚಿ... ನೀನೇನು ಅವತ್ತು ಬಿಟ್ಟು ಓಡಿ ಹೋದ್ಯಾ? ಆಸ್ಪತ್ರೆಗೆ ದಿನಾ ಗಂಜಿ ತಂದ್ಯಲ್ಲೇ. ಆಯ್ತಲ್ಲ, ಮಾಡೋದೆಲ್ಲ ಮಾಡಿದ್ಯಲ್ಲ."

ಮೇಷ್ಟ್ರು ತಮ್ಮ ಮೊಣಕಾಲು ತಟ್ಟಿ ತೋರಿಸಿದರು.

"ನೋಡಿಲ್ಲಿ. ದಿನಾ ಕೆರೆ ಏರಿ ಮೇಲೆ ವಾಕಿಂಗ್ ಹೋಗ್ತೀನಿ. ಮೊಮ್ಮಗಳ ಮದುವೇಲಿ ಕುಣಿದೂ ಬಿಟ್ಟೆ! ನಾನು ಎದ್ದು ಎಷ್ಟೋ ಕಾಲ ಆಯ್ತು ಕಣಮ್ಮ... ನೀನೇ ಇನ್ನೂ ಎದ್ದಿಲ್ಲ."

ಅವರ ಕೈಯಿಂದ ಕೋನ್ ಇಸಿದುಕೊಂಡು ಹೇಳಿದರು... "ಇಲ್ಲಿ ಬಿದ್ದಿದ್ದನ್ನ ಎತ್ತೋಕೆ ನಾನಿದೀನಿ. ನೀನು ಮುಂದಿನ ಕೋನ್ ನೋಡು. ಹತ್ತು ಗಾಡಿ!"

ನನ್ನ ಕಣ್ಣಲ್ಲಿ ನೀರು. ಒರೆಸಿಕೊಳ್ಳೋಣ ಅಂದರೆ ಎರಡು ಕೈಯೂ ಖಾಲಿ ಇಲ್ಲ!

ಹೊಸಬರಿಗೆ ಇನ್ನೊಂದು ಅವಕಾಶ ಇರುತ್ತದೆ. ಸುಗುಣಮ್ಮ ಮತ್ತೆ ಹೊರಟರು. ಹಾರ್ನ್ ಹೊಡೆದರು... ಒಂದಲ್ಲ, ಎರಡು ಕೋನ್ ಬೀಳಿಸಿದರು. ಆದರೆ ಈ ಸಲ ಕಾರು ನಿಲ್ಲಲಿಲ್ಲ! ಹಿಂದೆ ಮೇಷ್ಟ್ರು ಓಡೋಡಿ ಎತ್ತಿಡುತ್ತಿದ್ದರು, ಮುಂದೆ ಸುಗುಣಮ್ಮ ತಿರುಗುತ್ತಾ ಹೋಗುತ್ತಿದ್ದರು.

ಎಲ್ಲರಿಗಿಂತ ಕೊನೆಯ ಸ್ಥಾನ. ಆದರೆ ಅವತ್ತು ಹುಡುಗರು ಶಿಳ್ಳೆ ಹೊಡೆದದ್ದು ಅವರೊಬ್ಬರಿಗೇ.

ಹೆಲ್ಮೆಟ್ ತೆಗೆದು, ಬೆವರು ಒರೆಸಿಕೊಂಡು ನನ್ನ ಹತ್ತಿರ ಬಂದರು. "ಸಾರ್... ಮುಂದಿನ ರೇಸ್ ಯಾವಾಗ?"

ಲೋಕೇಶ್ ಆಗಲೇ ಫೋನ್ ಕಿವಿಗೆ ಹಿಡಿದಿದ್ದರು.

"ನಾಳೆ ಬರಬೇಡಿ ಸ್ವಾಮಿ... ಕಾರು ಕೊಡಲ್ಲ. ನಮ್ಮನೇಲಿ ಓಡಿಸೋರಿದ್ದಾರೆ."

★

ತಪ್ಪಿಗೆ ದಂಡ ಕಟ್ಟಿ... ಆದರೆ ತಪ್ಪಾದ ಜಾಗದಲ್ಲೇ ಗಾಡಿ ನಿಲ್ಲಿಸಿಕೊಂಡು ಕೂರಬೇಡಿ.

ನೀವು ಎಂದೋ ನೋಯಿಸಿದೆ ಅಂತ ಇವತ್ತಿಗೂ ಕೊರಗುತ್ತಿರುವ ಆ ಒಬ್ಬರು ಎಂದೋ ಎದ್ದು ನಡೆಯುತ್ತಿರಬಹುದು... ಒಮ್ಮೆಯಾದರೂ ಹೋಗಿ ಮಾತಾಡಿಸಿದ್ದೀರಾ?