ಕೈಗುಣ

ಸೊಸೆ ನೆಟ್ಟ ಶುಂಠಿ ಈ ಸಲವೂ ಮೊಳೆಯಲಿಲ್ಲ. ಅತ್ತೆ ಕುಂಡದ ಮಣ್ಣು ಕೆದಕಿ ನೋಡಿ, ಪಕ್ಕದಲ್ಲಿ ತಾವು ನೆಟ್ಟಿದ್ದ ಮೆಣಸಿನಗಿಡದತ್ತ ಕೈ ತೋರಿಸಿದರು.

“ಅದೇ ಮಣ್ಣು, ಅದೇ ನೀರು. ನಿನ್ನ ಕೈಗುಣಾನೇ ಸರಿಯಿಲ್ಲ ಕಣೇ. ನಾಳೆ ನನ್ನ ಮಗಳ ಸೀಮಂತಕ್ಕೆ ಬಾ, ಊಟ ಮಾಡು. ಮಡಿಲು ತುಂಬೋಕೆ ಮಾತ್ರ ಮುಂದೆ ಬರಬೇಡ.”

ನಾದಿನಿಗೆಂದು ಆರಿಸಿ ತಂದ ಹಸಿರು ಬಳೆಗಳು ಬೀರುವಿನಲ್ಲೇ ಇದ್ದವು. ಸೊಸೆ, ಊಟಕ್ಕೆ ಕೂತಿದ್ದ ಗಂಡನ ಕಡೆ ತಿರುಗಿದಳು.

“ಶುಂಠಿ ನಿಮ್ಮ ಫ್ಯಾಕ್ಟರಿಯಿಂದ ನೀವೇ ತಂದಿದ್ದಲ್ವಾ? ಬಾಯಿಬಿಟ್ಟು ಏನಾದ್ರೂ ಹೇಳ್ರೀ!”

“ಹೆಂಗಸರ ಜಗಳಕ್ಕೆ ನನ್ನ ಎಳೀಬೇಡ,” ಎಂದು ಅವನು ಅನ್ನಕ್ಕೆ ಸಾರು ಕಲಸಿಕೊಂಡ.

“ಅವನನ್ನ ನೆಮ್ಮದಿಯಾಗಿ ಉಣ್ಣೋಕಾದ್ರೂ ಬಿಡು,” ಎಂದು ಅತ್ತೆ ಮಗನಿಗೆ ತುಪ್ಪ ಬಡಿಸಿದರು.

ಅಷ್ಟರಲ್ಲಿ ಅವನ ಫೋನ್ ರಿಂಗಾಯಿತು. ಗಿರಾಕಿಯ ದನಿ ಕೇಳಿದ್ದೇ ತಡ, ಅವನಿಗೆ ಮಾತು ಬಂತು.

“ವಿಕಿರಣ ಹಾಯಿಸಿದ್ದು ಅಂತ ಭಯ ಬೇಡ ಸಾರ್! ನಮ್ಮನೇಲೂ ಅದೇ ಶುಂಠಿ ತಿನ್ನೋದು. ಎಷ್ಟು ತಿಂಗಳು ಬೇಕಾದ್ರೂ ಇಟ್ಟು ನೋಡಿ, ಒಂದೇ ಒಂದು ಮೊಳಕೆ ಬಂದ್ರೆ ನನ್ನ ಕೇಳಿ!”